ಬಂದೂಕಿನ ಲೆಕ್ಕ, ಕಣ್ಣಿನ ಲೆಕ್ಕ

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನ ಸುಮಾರು 29 ಚದರ ಕಿಲೋಮೀಟರ್ ವಿಸ್ತಾರದ್ದು. ಚಳಿಗಾಲದಲ್ಲಿ ಉತ್ತರದ ನಾಡುಗಳ ನೀರು ಹೆಪ್ಪುಗಟ್ಟಿದಾಗ ಬಾತುಗಳೂ ಹೆಬ್ಬಾತುಗಳೂ ಇಲ್ಲಿಗೆ ವಲಸೆ ಬರುತ್ತವೆ. ಅವುಗಳನ್ನು ನೋಡಲು ಪಕ್ಷಿವೀಕ್ಷಕರ ತಂಡಗಳು ಮುಂಜಾನೆ ಏರಿಯ ಮೇಲೆ ಸದ್ದಿಲ್ಲದೆ ನಡೆಯುತ್ತವೆ. ಒಬ್ಬರು ದುರ್ಬೀನಿನಲ್ಲಿ ಗುರುತಿಸುತ್ತಾರೆ, ಇನ್ನೊಬ್ಬರು ಎಣಿಸುತ್ತಾರೆ, ಮತ್ತೊಬ್ಬರು ಬರೆದುಕೊಳ್ಳುತ್ತಾರೆ.

ಉದ್ಯಾನಕ್ಕೆ ಹೆಸರು ಕೊಟ್ಟ ಶಿವದೇವಾಲಯದ ಬಳಿ ನೆಟ್ಟಿರುವ ಕಲ್ಲಿನ ಫಲಕಗಳಲ್ಲಿಯೂ ಹಕ್ಕಿಗಳ ಲೆಕ್ಕವಿದೆ. ಆದರೆ ಅದು ಸತ್ತ ಹಕ್ಕಿಗಳ ಲೆಕ್ಕ.

18ನೆಯ ಶತಮಾನದಲ್ಲಿ ಮಹಾರಾಜ ಸೂರಜ್‌ಮಲ್ ಕಟ್ಟಿಸಿದ ಅಜಾನ್ ಬಂಧದಿಂದ ಈ ತಗ್ಗು ಪ್ರದೇಶಕ್ಕೆ ನೀರು ಬಂತು. ಮುಂದಿನ ಅರಸರು ಇದನ್ನು ಬಾತುಗಳ ಬೇಟೆಯ ತಾಣವನ್ನಾಗಿ ಬೆಳೆಸಿದರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರಿಗಾಗಿ ಏರ್ಪಟ್ಟ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ನೆಲಕ್ಕುರುಳಿದವು. ಅಂದಿನವರಿಗೆ ಆ ಅಂಕಿ ಹೆಮ್ಮೆಯ ವಿಷಯವಾಗಿತ್ತು. ಆದ್ದರಿಂದಲೇ ಕಲ್ಲಿನಲ್ಲಿ ಕೆತ್ತಿಸಿದರು.

1956ರಲ್ಲಿ ಇದು ಪಕ್ಷಿಧಾಮವಾಯಿತು. ಆದರೂ ಗಣ್ಯರ ಬೇಟೆ 1964ರವರೆಗೆ ಮುಂದುವರಿಯಿತು. 1981ರಲ್ಲಿ ರಾಮ್ಸರ್ ಪಟ್ಟಿ, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಂದೂಕು ಹೋಯಿತು, ದುರ್ಬೀನು ಬಂತು. ಕಥೆ ಇಲ್ಲಿಗೇ ಮುಗಿಯಬೇಕಿತ್ತಲ್ಲವೇ?

ಮುಗಿಯಲಿಲ್ಲ. 1982ರಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಎಮ್ಮೆ, ದನಗಳನ್ನು ಮೇಯಿಸುವುದನ್ನು ನಿಷೇಧಿಸಲಾಯಿತು. ತಲೆಮಾರುಗಳಿಂದ ಅಲ್ಲಿ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. ಹಕ್ಕಿಗಳಿಗೆ ಗುಂಡು ಹಾರಿಸುವುದು ನಿಂತ ಜಾಗದಲ್ಲಿ ಮನುಷ್ಯರು ಗುಂಡಿಗೆ ಸತ್ತರು.

ಇದೇ ಕಾಲದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸುತ್ತಿದ್ದರು. ಅವರು ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ. ನೀರಿಗಿಳಿದ ಎಮ್ಮೆಗಳು ಹುಲ್ಲನ್ನು ಮೇದು ಹದ್ದಿನಲ್ಲಿಡುತ್ತಿದ್ದವು. ಅವು ಹೋದ ಮೇಲೆ ಹುಲ್ಲು ದಟ್ಟವಾಗಿ ಹಬ್ಬಿ, ಬಾತುಗಳಿಗೆ ಬೇಕಾದ ತೆರೆದ ನೀರು ಕಡಿಮೆಯಾಯಿತು. ಮುಂದೆ ಹಳ್ಳಿಗರಿಗೆ ಹುಲ್ಲು ಕೊಯ್ದೊಯ್ಯಲು ಅವಕಾಶ ಕೊಡಲಾಯಿತು. ಒಳ್ಳೆಯ ಉದ್ದೇಶವೊಂದೇ ಸಾಲದು, ವರ್ಷ ವರ್ಷವೂ ನೋಡಿ ಬರೆದಿಟ್ಟ ಲೆಕ್ಕವೂ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಒಂದು ಕೆರೆಯನ್ನು ಕಾದರೂ ಸಾಲದೆಂಬುದನ್ನು ಸೈಬೀರಿಯಾದ ಬಿಳಿ ಕ್ರೌಂಚ ಕಲಿಸಿತು. 1960ರ ದಶಕದಲ್ಲಿ ಭರತಪುರಕ್ಕೆ ಸುಮಾರು 200ರಷ್ಟು ಬರುತ್ತಿದ್ದ ಈ ಹಕ್ಕಿ, ವಲಸೆಯ ದಾರಿಯಲ್ಲಿನ ಬೇಟೆ ಮತ್ತಿತರ ಕಾರಣಗಳಿಂದ ಕಡಿಮೆಯಾಗುತ್ತ ಹೋಯಿತು. 2001-02ರ ಚಳಿಗಾಲದಲ್ಲಿ ಬಂದದ್ದು ಒಂದೇ ಜೋಡಿ. ಆಮೇಲೆ ಅದೂ ಬರಲಿಲ್ಲ.

ವಿದ್ಯಾರ್ಥಿ ಮಿತ್ರರೆ, ಏಷ್ಯಾದ ನೀರಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಕರ್ನಾಟಕದ ಕೆರೆಗಳೂ ಅದರಲ್ಲಿ ಸೇರಿವೆ. ನಾಲ್ವರು ಗೆಳೆಯರು ಕೂಡಿ ನಿಮ್ಮೂರ ಕೆರೆಯ ಏರಿಯ ಮೇಲೆ ನಡೆಯಿರಿ. ದಿನಾಂಕ, ಹೊತ್ತು, ಹಕ್ಕಿ, ಸಂಖ್ಯೆಗಳನ್ನು ಬರೆದಿಡಿ. ಕಳೆದ ವರ್ಷ ಕಂಡ ಹಕ್ಕಿ ಈ ವರ್ಷ ಕಾಣದಿದ್ದರೆ ಸೊನ್ನೆಯನ್ನು ಬರೆಯಲು ಮರೆಯಬೇಡಿ. ಕ್ರೌಂಚ ಬರಲಿಲ್ಲವೆಂದು ಜಗತ್ತಿಗೆ ತಿಳಿದದ್ದು ಯಾರೋ ಚಳಿಯಲ್ಲಿ ಕಾದು ಆ ಸೊನ್ನೆಯನ್ನು ಬರೆದುದರಿಂದ.