ಉಡುಪು ಮತ್ತು ನೋಟ



ಬೇರೆಯವರ ಸಂಸ್ಕೃತಿಯಿಂದ ಏನನ್ನು ಪಡೆಯಬೇಕು, ಹೇಗೆ ಪಡೆಯಬೇಕು? ಚಿತ್ರಕಲೆಯ ಇತಿಹಾಸ ಇದಕ್ಕೊಂದು ಉತ್ತರ ಕೊಡುತ್ತದೆ.

ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಜಪಾನ್ ಹೊರದೇಶಗಳೊಡನೆ ಮಿತವಾದ ವ್ಯಾಪಾರವನ್ನಷ್ಟೇ ಇಟ್ಟುಕೊಂಡಿತ್ತು. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರಿ ಯುದ್ಧನೌಕೆಗಳೊಂದಿಗೆ ಅಲ್ಲಿಗೆ ಹೋದರು, ಮರುವರ್ಷ ಒಪ್ಪಂದವಾಯಿತು. ಕ್ರಮೇಣ ಜಪಾನಿನ ಬೀಸಣಿಗೆ, ರೇಷ್ಮೆ, ‘ಉಕಿಯೊ-ಎ’ ಎಂಬ ಮರದಚ್ಚಿನ ಚಿತ್ರಗಳು ಯುರೋಪಿನ ಅಂಗಡಿಗಳಿಗೆ ಬಂದವು.

ಕೆಲವು ಕಲಾವಿದರಿಗೆ ಇವು ಅಲಂಕಾರದ ವಸ್ತುಗಳಾದವು. 1876ರಲ್ಲಿ ಕ್ಲಾಡ್ ಮೊನೆ ತಮ್ಮ ಹೆಂಡತಿಗೆ ಕೆಂಪು ಕಿಮೋನೊ ತೊಡಿಸಿ, ಕೈಗೆ ಬೀಸಣಿಗೆ ಕೊಟ್ಟು ಚಿತ್ರ ಬರೆದರು. ಬಾಸ್ಟನ್ನಿನ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಮುಂದೆ 2015ರಲ್ಲಿ ಪ್ರೇಕ್ಷಕರಿಗೂ ಕಿಮೋನೊ ತೊಡಲು ಕೊಟ್ಟಾಗ ಪ್ರತಿಭಟನೆ ನಡೆಯಿತು. ಏಷ್ಯಾದವರ ಬದುಕು ಇತರರಿಗೆ ವೇಷವಾಗಬಾರದು ಎಂಬುದು ಪ್ರತಿಭಟಿಸಿದವರ ಮಾತು. ತೊಡಿಸುವುದು ನಿಂತಿತು.

ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಮೇರಿ ಕಸ್ಯಾಟ್ ಬೇರೆ ದಾರಿ ಹಿಡಿದರು. 1890ರಲ್ಲಿ ಅಲ್ಲಿ 700ಕ್ಕೂ ಹೆಚ್ಚು ಜಪಾನಿ ಚಿತ್ರಗಳ ಪ್ರದರ್ಶನ ನೋಡಿದ ಮೇಲೆ ಹತ್ತು ಬಣ್ಣದ ಮುದ್ರಣಗಳನ್ನು ಮಾಡಿದರು. ಉತಮಾರೊ ಮೊದಲಾದವರಿಂದ ಅವರು ಕಲಿತದ್ದು ಸ್ಪಷ್ಟ ರೇಖೆ, ನೆರಳಿಲ್ಲದ ಬಣ್ಣ, ಬಟ್ಟೆಯ ಹಾಗೂ ಗೋಡೆಯ ವಿನ್ಯಾಸಗಳ ಬಳಕೆ. ಮರದಚ್ಚಿನ ಬದಲು ತಮಗೆ ಪರಿಚಿತವಾಗಿದ್ದ ಲೋಹದ ಫಲಕಗಳನ್ನೇ ಬಳಸಿದರು. ಅವರ ಹೆಂಗಸರು ತಮ್ಮ ಕಾಲದ ಫ್ರೆಂಚ್ ಬದುಕಿನಲ್ಲೇ ಇದ್ದಾರೆ: ಒಬ್ಬಳು ಮಗುವಿಗೆ ಸ್ನಾನ ಮಾಡಿಸುತ್ತಾಳೆ, ಇನ್ನೊಬ್ಬಳು ಲಕೋಟೆ ಅಂಟಿಸುತ್ತಾಳೆ, ಮತ್ತೊಬ್ಬಳು ಕನ್ನಡಿಯ ಮುಂದೆ ಕೂದಲು ಕಟ್ಟುತ್ತಾಳೆ. ಬೇಲೂರಿನ ದರ್ಪಣ ಸುಂದರಿಯನ್ನು ಬಲ್ಲ ನಮಗೆ ಇವಳು ತೀರಾ ಅಪರಿಚಿತಳಲ್ಲ. ಆದರೆ ಬೇಲೂರಿನವಳು ಆಭರಣ ತೊಟ್ಟು ನಿಂತಿದ್ದರೆ, ಇವಳು ತನ್ನ ಕೋಣೆಯಲ್ಲಿ ತನ್ನ ಪಾಡಿಗೆ ಕುಳಿತಿದ್ದಾಳೆ.

1916ರಲ್ಲಿ ದಾನವಾಗಿ ಬಂದ ಈ ಹತ್ತು ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. ಕಾಗದದ ಮೇಲಿನವಾದ್ದರಿಂದ ಸದಾ ಗೋಡೆಯ ಮೇಲಿರುವುದಿಲ್ಲ; ಜಾಲತಾಣದಲ್ಲಿ ನೋಡಿ. ಜಪಾನಿನ ಪ್ರಭಾವ ಪಡೆದ ಇತರ ಪಾಶ್ಚಾತ್ಯ ಚಿತ್ರಗಳು ನ್ಯೂ ಬ್ರನ್ಸ್‌ವಿಕ್‌ನ ಜಿಮ್ಮರ್ಲಿ ಸಂಗ್ರಹಾಲಯದಲ್ಲಿವೆ.

ಯುಗಾದಿಗೆ ನೀವು ಉಡುವ ರೇಷ್ಮೆ ಲಂಗ, ಪಂಚೆ ನೋಡಲು ಚೆಂದ. ಅವನ್ನು ಯಾರು ಬೇಕಾದರೂ ಒಂದು ದಿನ ತೊಟ್ಟು ತೆಗೆದಿಡಬಹುದು. ವರ್ಷಗಟ್ಟಲೆ ವಾರಾಂತ್ಯದ ನಿದ್ದೆ ಬಿಟ್ಟು ಬಂದು ನೀವು ಕಲಿತ ಭಾಷೆ ಹಾಗಲ್ಲ. ಅದರಿಂದ ಈ ಊರಿನ ನಿಮ್ಮ ಬದುಕನ್ನೇ ಹೊಸದಾಗಿ ನೋಡಿ, ನಿಮ್ಮದೇ ರೀತಿಯಲ್ಲಿ ಹೇಳಿ. ಶುಭವಾಗಲಿ.