'ಟ್ಯಾಬೂ': ಒಂದು ನಿಷೇಧ ಪದದ ಕಡಲಯಾನ

ಹೆಂಗಸು ಬಾಳೆಹಣ್ಣು ತಿಂದರೆ ಮರಣದಂಡನೆ! ಇಂದು ನಂಬುವುದು ಕಷ್ಟ. ಆದರೆ ಇನ್ನೂರು ವರ್ಷಗಳ ಹಿಂದಿನವರೆಗೆ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಇಂಥದೊಂದು ಕಟ್ಟಳೆ ಜಾರಿಯಲ್ಲಿತ್ತು. ಅದರ ಹೆಸರು 'ಕಪು'. ಅದರ ಸೋದರ ಪದವೇ, ಸಮಾಜ ಒಪ್ಪದ ಸಂಗತಿಗಳಿಗೆ ನಾವು ಇಂದು ಬಳಸುವ 'ಟ್ಯಾಬೂ'.

ಈ ಪದವನ್ನು ಯುರೋಪಿಗೆ ಪರಿಚಯಿಸಿದವನು ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್. 1777ರಲ್ಲಿ ಆತ ಟೋಂಗಾ ದ್ವೀಪಗಳಲ್ಲಿ ತಂಗಿದ್ದಾಗ ಊಟಕ್ಕೆ ಕರೆದ ಅಲ್ಲಿನ ಮುಖಂಡರು ಅವನೊಡನೆ ಕುಳಿತು ಉಣ್ಣಲು ಒಪ್ಪಲಿಲ್ಲ. ಅದು 'ಟಾಬು' ಎಂದರು. ಕುಕ್ ಈ ಮಾತನ್ನು ದಿನಚರಿಯಲ್ಲಿ ಬರೆದುಕೊಂಡ. 1784ರಲ್ಲಿ ಪ್ರವಾಸ ವೃತ್ತಾಂತ ಅಚ್ಚಾದ ಮೇಲೆ ಪದ ಇಂಗ್ಲಿಷಿನಲ್ಲಿ ನೆಲೆಯೂರಿತು. ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಅದರ ರೂಪ 'ತಪು'.

ಮೂಲದಲ್ಲಿ ಅದು ಬರೀ 'ನಿಷಿದ್ಧ'ವಲ್ಲ, 'ಪವಿತ್ರ'ವೂ ಹೌದು. ಮುಖಂಡನ ತಲೆ ತಪು, ಹೆಣವೂ ತಪು. ನಮ್ಮಲ್ಲಿ ಮಡಿಯಲ್ಲಿದ್ದವರನ್ನೂ ಮುಟ್ಟುವಂತಿಲ್ಲ, ಮೈಲಿಗೆಯವರನ್ನೂ ಮುಟ್ಟುವಂತಿಲ್ಲ. ನಾವು ಎರಡು ಪದಗಳಲ್ಲಿ ಹೇಳುವುದನ್ನು ಅವರು ಒಂದರಲ್ಲೇ ಹೇಳಿದರು. ಅದಕ್ಕೆ ವಿರುದ್ಧ ಪದ 'ನೋವಾ'. ಎಂದರೆ ಕಟ್ಟಿಲ್ಲದ್ದು, ಸಾಮಾನ್ಯವಾದದ್ದು.

ಹವಾಯಿಯಲ್ಲಿ ಗಂಡಸರು, ಹೆಂಗಸರು ಒಟ್ಟಿಗೆ ಉಣ್ಣುವಂತಿರಲಿಲ್ಲ. ಹಂದಿಮಾಂಸ, ತೆಂಗಿನಕಾಯಿ, ಬಾಳೆಹಣ್ಣು ಹೆಂಗಸರಿಗೆ ವರ್ಜ್ಯ. 1819ರ ಮೇ ತಿಂಗಳಲ್ಲಿ ದೊರೆ ಒಂದನೇ ಕಮೆಹಮೆಹಾ ತೀರಿಕೊಂಡ. ಅವನ ಪ್ರಿಯ ಪತ್ನಿ ಕಾಹುಮಾನು ಹಾಗೂ ಹೊಸ ದೊರೆ ಲಿಹೊಲಿಹೊನ ತಾಯಿ ಕಿಯೊಪುಒಲಾನಿ ಈ ಕಟ್ಟಳೆ ಮುರಿಯಲು ಪಣತೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಕೈಲುವಾದ ಔತಣದಲ್ಲಿ ದೊರೆ ಎದ್ದುಹೋಗಿ ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡ. ಯಾವ ದೇವರೂ ಮುನಿಯಲಿಲ್ಲ. ವಿಗ್ರಹಗಳನ್ನು ಸುಡಲು, ಗುಡಿಗಳನ್ನು ಕೆಡವಲು ಆಜ್ಞೆ ಹೊರಟಿತು. ಕ್ರೈಸ್ತ ಪಾದ್ರಿಗಳು ಅಲ್ಲಿಗೆ ಬಂದದ್ದು ಮರುವರ್ಷ, 1820ರಲ್ಲಿ ಎಂಬುದು ಗಮನಾರ್ಹ.

ಆದರೆ ಈ ಬದಲಾವಣೆ ರಕ್ತಪಾತವಿಲ್ಲದೆ ಆಗಲಿಲ್ಲ. ಹಳೆಯ ಪದ್ಧತಿಯ ಪರ ದಂಗೆಯೆದ್ದ ದೊರೆಯ ದಾಯಾದಿ ಕೆಕುವಾಒಕಲಾನಿ ಡಿಸೆಂಬರ್‌ನ ಕಾಳಗದಲ್ಲಿ ಹತನಾದ. ಪಕ್ಕದಲ್ಲೇ ಹೋರಾಡಿದ ಪತ್ನಿ ಮಾನೊನೊ ಕೂಡ ಮಡಿದಳು. ಹೆಂಗಸರನ್ನು ಕಟ್ಟಿಹಾಕಿದ್ದ ಕಟ್ಟಳೆಗಾಗಿ ಹೆಂಗಸೊಬ್ಬಳು ಪ್ರಾಣ ಕೊಟ್ಟದ್ದು ಇತಿಹಾಸದ ವಿಚಿತ್ರ.

ಫ್ರಾಯ್ಡ್ 1913ರಲ್ಲಿ ತನ್ನ 'ಟೋಟೆಮ್ ಅಂಡ್ ಟ್ಯಾಬೂ' ಕೃತಿಯಲ್ಲಿ ಈ ಪದವನ್ನು ಮನಶ್ಶಾಸ್ತ್ರಕ್ಕೆ ತಂದ. ಈಗ ಮುಟ್ಟು, ಲೈಂಗಿಕತೆ, ಮಾನಸಿಕ ಕಾಯಿಲೆ ಮುಂತಾದ, ಬಾಯಿಬಿಟ್ಟು ಆಡದ ಮಾತುಗಳಿಗೆಲ್ಲ 'ಟ್ಯಾಬೂ' ಎನ್ನುತ್ತೇವೆ. ಪಾವಿತ್ರ್ಯದ ಅರ್ಥ ಕಳಚಿ, ನಾಚಿಕೆಯ ಅರ್ಥ ಉಳಿದಿದೆ. ಹವಾಯಿಯಲ್ಲಂತೂ 'ಕಪು' ಇಂದು ಖಾಸಗಿ ಜಮೀನುಗಳ ಬೇಲಿಯ ಮೇಲಿನ ಫಲಕ: ಒಳಗೆ ಪ್ರವೇಶವಿಲ್ಲ!