ಗೊಬ್ಬರದ ದಾಯಾದಿ

ಆಫೀಸಿನ ಮೀಟಿಂಗುಗಳಲ್ಲಿ 'ಮನೂವರ್' ಎಂಬ ಪದ ಆಗಾಗ ಕಿವಿಗೆ ಬೀಳುತ್ತದೆ. ಎದುರಾಳಿ ಕಂಪನಿ ಇಟ್ಟ ಹೆಜ್ಜೆಯೂ ಮನೂವರ್, ರಾಜಕಾರಣಿಯ ಪಕ್ಷಾಂತರವೂ ಮನೂವರ್, ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಕಾರು ತೂರಿಸುವುದೂ ಮನೂವರ್. ಕನ್ನಡದಲ್ಲಿ ನಾವು ಸಂದರ್ಭ ನೋಡಿಕೊಂಡು ತಂತ್ರ, ವ್ಯೂಹ, ಚಲನೆ, ಹೂಟ ಎನ್ನುತ್ತೇವೆ. ನಕ್ಷೆಯ ಮೇಲೆ ಬೆರಳಾಡಿಸುತ್ತ ಕೂತ ಸೇನಾಪತಿಗಳೇ ಈ ಪದವನ್ನು ಹುಟ್ಟಿಸಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ನಿಜವಾಗಿ ಅದು ಕೂಲಿಯಾಳುಗಳ ಪದ.

ಲ್ಯಾಟಿನ್ನಿನಲ್ಲಿ 'ಮಾನುಸ್' ಎಂದರೆ ಕೈ, 'ಓಪೆರಾರಿ' ಎಂದರೆ ದುಡಿಯುವುದು. ಎರಡೂ ಸೇರಿ 'ಕೈಯಿಂದ ದುಡಿಯುವುದು' ಎಂಬ ಮಾತಾಯಿತು. ಮಧ್ಯಯುಗದ ಫ್ರಾನ್ಸಿನಲ್ಲಿ ಇದರಿಂದ ಬಂದ ಪದಕ್ಕೆ ಕೈಕೆಲಸ ಎಂಬ ಅರ್ಥವಿತ್ತು. ರೈತ ತನ್ನ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆಗೂ ಅದೇ ಹೆಸರು. ನಮ್ಮ ಶಾಸನಗಳಲ್ಲಿ ಬರುವ 'ಬಿಟ್ಟಿ' ಇಂಥದೇ ದುಡಿಮೆ. ಇಂದು ನಾವು ಬಿಟ್ಟಿ ಎಂದರೆ ಪುಕ್ಕಟೆ ಎಂದಷ್ಟೇ ತಿಳಿಯುತ್ತೇವೆ, ಪುಕ್ಕಟೆಯಾಗಿ ದುಡಿದವರು ಮರೆತುಹೋಗಿದ್ದಾರೆ.

ಈ ಪದ ಇಂಗ್ಲಿಷಿಗೆ ಬಂದದ್ದು ಒಂದಲ್ಲ, ಎರಡು ಸಲ. ಮೊದಲ ಸಲ ಬಂದದ್ದು 1066ರ ನಂತರ ಇಂಗ್ಲೆಂಡನ್ನು ಆಳಿದ ನಾರ್ಮನ್ನರ ಫ್ರೆಂಚಿನ ಮೂಲಕ. ಆಗ ಅದು ಹೊಲಕ್ಕೆ ಇಳಿಯಿತು. ಭೂಮಿಯನ್ನು ಹಿಡಿದಿರುವುದು, ಆಮೇಲೆ ಅದನ್ನು ಉಳುವುದು, ಕೊನೆಗೆ ಅದಕ್ಕೆ ಸಾರ ಕೂಡಿಸುವುದು ಎಂದು ಅರ್ಥ ಸರಿಯುತ್ತ ಹೋಗಿ, 16ನೆಯ ಶತಮಾನದಲ್ಲಿ 'ಮನ್ಯೂರ್' ಎಂದರೆ ಗೊಬ್ಬರ ಎಂದೇ ಆಯಿತು. ಮನೂವರ್ ಮತ್ತು ಮನ್ಯೂರ್ ಒಂದೇ ಮನೆಯ ದಾಯಾದಿಗಳು.

ಎರಡನೆಯ ಸಲ ಬರುವ ಹೊತ್ತಿಗೆ ಪದದ ಅಂತಸ್ತು ಬದಲಾಗಿತ್ತು. ಫ್ರೆಂಚ್ ನಾವಿಕರು ಹಾಯಿಹಡಗಿನ ಹಗ್ಗಗಳನ್ನೂ ಅವುಗಳನ್ನು ಎಳೆದು ಸಡಿಲಿಸಿ ಹಡಗು ತಿರುಗಿಸುವ ಕೆಲಸವನ್ನೂ ಇದೇ ಹೆಸರಿನಿಂದ ಕರೆಯುತ್ತಿದ್ದರು. 18ನೆಯ ಶತಮಾನದಲ್ಲಿ ಅದು ಭೂಸೇನೆಯ ಚಲನೆಗೂ ಅಂಟಿತು. ಆ ಅರ್ಥ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 1750ರ ದಶಕದ ಕೊನೆಗೆ, ಯುರೋಪಿನಲ್ಲಿ ಸಪ್ತವಾರ್ಷಿಕ ಯುದ್ಧ ನಡೆಯುತ್ತಿದ್ದಾಗ.

ಆ ಯುದ್ಧದ ಪ್ರಸಿದ್ಧ ಮನೂವರ್ ನಡೆದದ್ದು 1757ರ ಡಿಸೆಂಬರ್ 5ರಂದು, ಸೈಲೀಷಿಯಾದ ಲಾಯ್ಥೆನ್ ಎಂಬ ಹಳ್ಳಿಯ ಬಳಿ. ಪ್ರಷ್ಯದ ದೊರೆ ಫ್ರೆಡರಿಕನ ಬಳಿ ಇದ್ದವರು ಸುಮಾರು 35,000 ಸೈನಿಕರು. ಎದುರಿಗಿದ್ದ ಆಸ್ಟ್ರಿಯನ್ನರು ಸುಮಾರು 65,000. ಅವನು ಶತ್ರುವಿನ ಬಲಪಕ್ಕಕ್ಕೆ ನುಗ್ಗುವಂತೆ ನಟಿಸಿ, ಅತ್ತ ಅವರ ಗಮನ ಹರಿದಾಗ, ತಗ್ಗುದಿಣ್ಣೆಗಳ ಮರೆಯಲ್ಲಿ ತನ್ನ ಮುಖ್ಯ ಸೈನ್ಯವನ್ನು ನಡೆಸಿಕೊಂಡು ಹೋಗಿ ಎಡಪಕ್ಕದ ಮೇಲೆರಗಿದ. ಕತ್ತಲಾಗುವಷ್ಟರಲ್ಲಿ ಯುದ್ಧ ಮುಗಿದಿತ್ತು. ಸೈನಿಕ ಶಾಲೆಗಳಲ್ಲಿ ಇದನ್ನು ಇಂದಿಗೂ ಫ್ರೆಡರಿಕನ ಚಾತುರ್ಯವೆಂದು ಪಾಠ ಮಾಡುತ್ತಾರೆ.

ಚಾತುರ್ಯ ಅವನದೇ. ಆದರೆ ಸಾಲು ಮುರಿಯದೆ, ಅಂತರ ತಪ್ಪದೆ ನಡೆದು, ಒಂದು ಆಜ್ಞೆಗೆ ತಿರುಗಿ ನಿಂತ ಕಾಲುಗಳು ಯಾರವು? ಫ್ರೆಡರಿಕನ ತಂದೆ 1733ರಲ್ಲಿ ತಂದ ವ್ಯವಸ್ಥೆಯಲ್ಲಿ ಪ್ರತಿ ದಳಕ್ಕೂ ಒಂದು ಪ್ರದೇಶವನ್ನು ಹಂಚಿ, ಅಲ್ಲಿನ ಹಳ್ಳಿಗಳ ಯುವಕರನ್ನು ಸೇನೆಗೆ ಸೇರಿಸಲಾಗುತ್ತಿತ್ತು. ಶಾಂತಿಯ ಕಾಲದಲ್ಲಿ ಅವರು ವರ್ಷಕ್ಕೆ ಕೆಲವು ವಾರ ಕವಾಯತು ಮಾಡಿ, ಉಳಿದ ದಿನ ಊರಿಗೆ ಮರಳಿ ಹೊಲದಲ್ಲಿ ದುಡಿಯುತ್ತಿದ್ದರು. ಗೊಬ್ಬರ ಹೊತ್ತವರೂ ವ್ಯೂಹ ಕಟ್ಟಿದವರೂ ಬಹುಮಟ್ಟಿಗೆ ಅದೇ ಜನ. ಪದದ ಎರಡು ಕವಲುಗಳು ನಿಘಂಟಿನಲ್ಲಿ ಬೇರೆಯಾದರೂ ಆ ರೈತರ ಬದುಕಿನಲ್ಲಿ ಒಂದಾಗಿಯೇ ಇದ್ದವು.

ಕೈಯಿಂದ ಉಪಾಯಕ್ಕೆ ಜಾರುವುದು ಕನ್ನಡಕ್ಕೂ ಹೊಸದಲ್ಲ. 'ಕೈಚಳಕ' ಕುಶಲಕರ್ಮಿಗೂ ಸಲ್ಲುತ್ತದೆ, ಜೇಬುಗಳ್ಳನಿಗೂ ಸಲ್ಲುತ್ತದೆ. 'ಇದರಲ್ಲಿ ಅವರ ಕೈವಾಡವಿದೆ' ಎಂದರೆ ಮೆಚ್ಚುಗೆಯ ಮಾತಲ್ಲ. 'ಮ್ಯಾನೇಜರ್' ಕೂಡ ಇದೇ ಕೈಯಿಂದ ಬಂದವನು: ಇಟಲಿಯಲ್ಲಿ ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವುದಕ್ಕಿದ್ದ ಪದ ಅವನ ಮೂಲ. ಆ ಮೀಟಿಂಗಿನಲ್ಲಿ ಕುದುರೆ ಯಾರೆಂದು ನಮಗೆಲ್ಲ ಗೊತ್ತು!

ಫ್ರೆಂಚರು ಮಾತ್ರ ಹಳೆಯ ಲೆಕ್ಕವನ್ನು ಅಳಿಸಿಲ್ಲ. ಅವರ ಭಾಷೆಯಲ್ಲಿ ಈ ಪದ ಸ್ತ್ರೀಲಿಂಗವಾದರೆ ಚಲನೆ, ತಂತ್ರ. ಪುಲ್ಲಿಂಗವಾದರೆ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ, ಗಾರೆ ಹೊರುವ ಕೂಲಿಯಾಳು. ಅಕ್ಷರಗಳಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ.